ಮಣಿಪಾಲಕ್ಕೆ ಹೊರಟ ಮಕ್ಕಳ ಊಟ: ಮೆಸ್ ಹಣ ಕಟ್ಟುವ ಮೊದಲು ತಿಳಿದಿರಬೇಕಾದದ್ದು

ಪಿಯುಸಿ ಮುಗಿದು ಸೀಟು ಸಿಕ್ಕಿತೆಂದರೆ ಮನೆಯವರೆಲ್ಲ ಸೇರಿ ಕಾಲೇಜು ಶುಲ್ಕ ಎಷ್ಟು, ಬ್ಯಾಂಕ್ ಸಾಲ ಎಷ್ಟು, ಹಾಸ್ಟೆಲ್ ಕೋಣೆಯಲ್ಲಿ ಎಷ್ಟು ಜನ ಎಂದು ವಾರಗಟ್ಟಲೆ ವಿಚಾರಿಸುತ್ತೇವೆ. ಊಟದ ವಿಚಾರ ಮಾತ್ರ ಕಡೆಯ ದಿನಕ್ಕೆ ಉಳಿಯುತ್ತದೆ. ಪ್ರವೇಶದ ದಿನ ಕೌಂಟರಿನ ಮುಂದೆ ನಿಂತು, ಅರ್ಜಿಯಲ್ಲಿ 'ಸಸ್ಯಾಹಾರ' ಎಂಬಲ್ಲಿ ಗುರುತು ಹಾಕಿ, ಇಡೀ ವರ್ಷದ ಹಣ ಕಟ್ಟಿ ಬರುತ್ತೇವೆ. ಆಮೇಲೆ ನಾಲ್ಕು ವರ್ಷ ಅದನ್ನು ಉಣ್ಣುವವರು ಮಕ್ಕಳು.

ನಾನು ಕಾರ್ಕಳದ ಪಕ್ಕದ ಕುಕ್ಕುಂದೂರಿನಲ್ಲಿ ವ್ಯಾಪಾರ ಮಾಡಿಕೊಂಡಿರುವವನು. ಸಮಾಜದ ಕೆಲಸದಲ್ಲಿ ಕೈಲಾದಷ್ಟು ಓಡಾಡುತ್ತೇನೆ. ನಮ್ಮ ಜೋಡುರಸ್ತೆಯಿಂದ ಬೈಲೂರು, ಹಿರಿಯಡಕ, ಪರ್ಕಳ ದಾಟಿದರೆ ಮಣಿಪಾಲ. ಹಾಗಾಗಿ ಪ್ರತಿ ವರ್ಷ ಜೂನ್, ಜುಲೈಯಲ್ಲಿ ಬೆಳಗಾವಿ, ಹುಬ್ಬಳ್ಳಿ, ಹಾಸನ, ತುಮಕೂರು ಕಡೆಯ ಮನೆಗಳಿಂದ ಫೋನ್ ಬರುತ್ತದೆ. ಎಲ್ಲರದ್ದೂ ಒಂದೇ ಪ್ರಶ್ನೆ: "ಅಣ್ಣಾ, ಅಲ್ಲಿ ನಮ್ಮ ಊಟ ಸಿಗುತ್ತದಾ?" ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವುದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಮಣಿಪಾಲವನ್ನು ಮುಂದಿಟ್ಟುಕೊಂಡು ಬರೆದದ್ದಾದರೂ ನಿಟ್ಟೆ, ಮೂಡುಬಿದಿರೆ, ಉಜಿರೆ, ಸುರತ್ಕಲ್, ಬೆಂಗಳೂರು, ಎಲ್ಲಿಗೆ ಹೋಗುವವರಿಗೂ ಇದು ಹೊಂದುತ್ತದೆ.

ಸಾರಾಂಶ ಮೊದಲೇ ಹೇಳಿಬಿಡುತ್ತೇನೆ. ಎಲ್ಲರೂ ಮೊದಲು ತರಕಾರಿಯ ಬಗ್ಗೆ ಕೇಳುತ್ತಾರೆ. ಕೇಳಬೇಕಾದದ್ದು ಗಂಟೆಯ ಬಗ್ಗೆ. ಆಲೂಗಡ್ಡೆಯನ್ನು ತಟ್ಟೆಯ ಬದಿಗೆ ಸರಿಸಬಹುದು, ಮುಳುಗಿದ ಸೂರ್ಯನನ್ನು ಸರಿಸಲು ಬರುವುದಿಲ್ಲ.

1. ಮೊದಲು ಮನೆಯಲ್ಲಿ ಕುಳಿತು ಮಾತಾಡಿ

ನಮ್ಮಲ್ಲಿ ಎಲ್ಲ ಮನೆಯ ನಿಯಮ ಒಂದೇ ಅಲ್ಲ. ಕೆಲವರು ಕಂದಮೂಲವನ್ನು ಪೂರ್ತಿ ಬಿಟ್ಟಿದ್ದಾರೆ. ಕೆಲವರು ಈರುಳ್ಳಿ ಬೆಳ್ಳುಳ್ಳಿ ಬಿಟ್ಟು ಆಲೂಗಡ್ಡೆ ತಿನ್ನುತ್ತಾರೆ. ಹಸಿ ಶುಂಠಿ, ಹಸಿ ಅರಿಶಿನ ಬೇಡ, ಒಣಗಿದ್ದು ಆಗಬಹುದು ಎನ್ನುವವರಿದ್ದಾರೆ. ರಾತ್ರಿ ಭೋಜನ ತ್ಯಾಗದಲ್ಲೂ ಹಂತಗಳುಂಟು: ನೀರೂ ಕುಡಿಯದವರು, ನೀರು ಮತ್ತು ಔಷಧ ಮಾತ್ರ ತೆಗೆದುಕೊಳ್ಳುವವರು, ಅನ್ನಾಹಾರ ಬಿಟ್ಟು ಹಾಲು ಹಣ್ಣು ತೆಗೆದುಕೊಳ್ಳುವವರು, ಚಾತುರ್ಮಾಸದಲ್ಲಿ ಮಾತ್ರ ಪಾಲಿಸುವವರು.

ಮಗ ಅಥವಾ ಮಗಳು ಹಾಸ್ಟೆಲಿಗೆ ಹೊರಡುವ ಮೊದಲು ಒಂದು ಸಂಜೆ ಕುಳಿತು ಇದನ್ನು ಕಾಗದದ ಮೇಲೆ ಬರೆಯಿರಿ. ಮೂರು ಸಾಲು ಸಾಕು: ಏನೇ ಆದರೂ ಬಿಡದ ನಿಯಮ ಯಾವುದು, ಸಾಧ್ಯವಾದಷ್ಟು ಪಾಲಿಸುವುದು ಯಾವುದು, ಪರ್ವದ ದಿನಗಳಲ್ಲಿ ಮಾತ್ರ ಪಾಲಿಸುವುದು ಯಾವುದು. ಬರೆಯಬೇಕಾದವರು ಮಕ್ಕಳು, ಹಿರಿಯರು ಸಹಾಯ ಮಾಡಿದರೆ ಸಾಕು. ಹದಿನೆಂಟರ ಮಗುವಿನ ಮೇಲೆ ಹೊರಿಸಿದ ನಿಯಮ ಮೊದಲ ಪರೀಕ್ಷೆಯ ತನಕ ಬಾಳುತ್ತದೆ. ತಾನೇ ಒಪ್ಪಿ ಬರೆದುಕೊಂಡದ್ದು ನಾಲ್ಕು ವರ್ಷ ಬಾಳುತ್ತದೆ.

ಇನ್ನೂ ಒಂದು ಕಾರಣವಿದೆ. ನಿಯಮ ಮುರಿದ ಮಗು ಮನೆಯವರಿಗೆ ಹೇಳಲಾರದೆ ಸುಳ್ಳು ಹೇಳಲು ಶುರುಮಾಡುತ್ತದೆ. ನಿಯಮ ಮುರಿಯಬಾರದೆಂದು ಹಟ ಹಿಡಿದ ಮಗು ಊಟ ಬಿಟ್ಟು ಸೊರಗುತ್ತದೆ. ಎರಡನ್ನೂ ನಾನು ನೋಡಿದ್ದೇನೆ. ಎರಡೂ ಆಗಬಾರದೆಂದರೆ, ಆಗುವುದನ್ನು ಮತ್ತು ಆಗದ್ದನ್ನು ಮೊದಲೇ ಪ್ರಾಮಾಣಿಕವಾಗಿ ಬರೆದಿಡಬೇಕು. ಊಟದ ಯೋಜನೆ ಆರಿಸುವುದು ಅದರ ನಂತರದ ಕೆಲಸ.

2. ಗಂಟೆಯ ಲೆಕ್ಕ

ಉಡುಪಿ, ಮಣಿಪಾಲದ ಕಡೆ ಸೂರ್ಯ ಅತಿ ಬೇಗ ಮುಳುಗುವುದು ನವೆಂಬರ್ ಕೊನೆಯ ಭಾಗದಲ್ಲಿ, ಸುಮಾರು 6 ಗಂಟೆಗೆ. ಅತಿ ತಡವೆಂದರೆ ಜುಲೈ ಮೊದಲ ವಾರಗಳಲ್ಲಿ, 7 ದಾಟಿ ಕೆಲವು ನಿಮಿಷಕ್ಕೆ. ಬೆಂಗಳೂರಿನಲ್ಲಿ ಇದಕ್ಕಿಂತ ಸುಮಾರು 10 ನಿಮಿಷ ಮೊದಲೇ ಮುಳುಗುತ್ತದೆ.

ಶ್ರಾವಕಾಚಾರದ ಕ್ರಮದಂತೆ ಸೂರ್ಯಾಸ್ತಕ್ಕೆ ಎರಡು ಘಳಿಗೆ, ಅಂದರೆ 48 ನಿಮಿಷ ಮೊದಲು ಊಟ ಮುಗಿಸುವವರಿಗೆ ಜುಲೈಯಲ್ಲಿ 6.15ರ ತನಕ ಸಮಯವುಂಟು. ನವೆಂಬರಿನಲ್ಲಿ 5.12ಕ್ಕೇ ಮುಗಿಯಿತು. ಸೂರ್ಯಾಸ್ತದ ತನಕ ಉಣ್ಣುವವರಿಗೂ ನವೆಂಬರಿನಲ್ಲಿ 6 ಗಂಟೆಯೇ ಗಡಿ.

ಇನ್ನು ಕಾಲೇಜಿನ ಕಡೆ ನೋಡಿ. ಲ್ಯಾಬ್ ಇದ್ದ ದಿನ ತರಗತಿ ಬಿಡುವಾಗ 5 ಅಥವಾ 5.30 ಆಗುತ್ತದೆ. ಹಾಸ್ಟೆಲ್ ಮೆಸ್‌ಗಳಲ್ಲಿ ರಾತ್ರಿ ಊಟ ಸಾಮಾನ್ಯವಾಗಿ 7 ಅಥವಾ 7.30ಕ್ಕೆ ಶುರು. ನಡುವೆ ಸಂಜೆಯ ಚಹಾ ತಿಂಡಿ ಇರುತ್ತದೆ, ಊಟ ಇರುವುದಿಲ್ಲ. ಅಂದರೆ ಮಗು ತರಗತಿ ಬಿಟ್ಟು ಬರುವ ಅರ್ಧ ಗಂಟೆಯಲ್ಲಿ ಊಟ ಸಿಗಬೇಕು, ಆ ಹೊತ್ತಿಗೆ ಮೆಸ್‌ನ ಬಾಗಿಲು ಮುಚ್ಚಿರುತ್ತದೆ. ಇದು ಆಹಾರದ ಕೊರತೆಯಲ್ಲ, ವೇಳಾಪಟ್ಟಿಯ ಕೊರತೆ.

ಪ್ರವೇಶ ಜುಲೈ, ಆಗಸ್ಟಿನಲ್ಲಿ ಆಗುವುದರಿಂದ ಮೊದಲ ತಿಂಗಳು ತೊಂದರೆ ಕಾಣುವುದಿಲ್ಲ. ಆಗ ಬೆಳಕು 7ರ ತನಕ ಇರುತ್ತದೆ. ಅಕ್ಟೋಬರ್ ಹೊತ್ತಿಗೆ ಬೆಳಕು ಹಿಂದೆ ಸರಿಯುತ್ತದೆ, ಪರೀಕ್ಷೆಗಳು ಮುಂದೆ ಬರುತ್ತವೆ. ತೊಂದರೆ ಅಲ್ಲಿಂದ ಶುರು. ಆದ್ದರಿಂದ ಪ್ರವೇಶದ ದಿನ ಮೆಸ್ ನೋಡುವಾಗ ನವೆಂಬರನ್ನು ನೆನೆಸಿಕೊಂಡು ಕೇಳಿ.

3. ಊಟದ ವ್ಯವಸ್ಥೆಗಳು ಎಷ್ಟು ಬಗೆ

ಮಣಿಪಾಲ ಹುಟ್ಟಿದ್ದೇ ವಿದ್ಯಾರ್ಥಿಗಳಿಂದ ಎನ್ನಬಹುದು. ಡಾ. ಟಿ.ಎಂ.ಎ. ಪೈಯವರು 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಆರಂಭಿಸಿದ ಮೇಲೆ ಬೋಳುಗುಡ್ಡದ ಮೇಲೆ ಊರು ಬೆಳೆಯಿತು. ದೇಶದ ಎಲ್ಲ ಕಡೆಯವರು ಬರುವುದರಿಂದ ಊಟದ ಬಗೆಯೂ ಅಷ್ಟೇ ಇದೆ. ಒಟ್ಟು ಆರು ದಾರಿ.

ಪೂರ್ತಿ ಮೆಸ್: ಬೆಳಗಿನ ತಿಂಡಿ, ಮಧ್ಯಾಹ್ನದ ಊಟ, ಸಂಜೆ ತಿಂಡಿ, ರಾತ್ರಿ ಊಟ, ಎಲ್ಲಕ್ಕೂ ಒಟ್ಟಿಗೆ ಹಣ. ಯೋಚನೆಯಿಲ್ಲ, ಹೊಟ್ಟೆಗೆ ಖಾತರಿ. ರಾತ್ರಿ ಉಣ್ಣದವರಿಗೆ ಮಾತ್ರ ನಷ್ಟ.

ಕೂಪನ್ ಅಥವಾ ಕಾರ್ಡ್: ಉಂಡಷ್ಟಕ್ಕೆ ಹಣ. ನಿಯಮ ಇರುವವರಿಗೆ ಲೆಕ್ಕದಲ್ಲಿ ಇದೇ ಒಳ್ಳೆಯದು. ಆದರೆ ಕಾರ್ಡಿನ ಹಣ ಐಸ್‌ಕ್ರೀಮಿಗೂ ಹೋಗುತ್ತದೆ, ಮಕ್ಕಳಿಗೆ ಹತೋಟಿ ಬೇಕು.

ಪಿಜಿ: ಮನೆಯವರೇ ಅಡುಗೆ ಮಾಡುವ ಚಿಕ್ಕ ಪಿಜಿ ಸಿಕ್ಕಿದರೆ ಮಾತಾಡಿ ಬೇಗ ಊಟ ಹಾಕಿಸಿಕೊಳ್ಳಬಹುದು. ದೊಡ್ಡ ಪಿಜಿಗಳಲ್ಲಿ ಊಟ ಹೊರಗಿನಿಂದ ಬರುತ್ತದೆ, ಅಲ್ಲಿ ಮಾತು ನಡೆಯುವುದಿಲ್ಲ.

ಡಬ್ಬಿ: ಹೊರಗಿನ ಮನೆ ಅಡುಗೆಯವರು ಡಬ್ಬಿ ಕಳಿಸುತ್ತಾರೆ. ನಾಲ್ಕೈದು ಮಕ್ಕಳು ಸೇರಿದರೆ ಸಂಜೆ 5.30ಕ್ಕೆ ಹಾಸ್ಟೆಲ್ ಗೇಟಿಗೆ ತರಿಸಬಹುದು. ಹೊರಗಿನ ಊಟ ಒಳಗೆ ತರಲು ಹಾಸ್ಟೆಲಿನವರು ಬಿಡುತ್ತಾರೋ ಕೇಳಿ.

ಕೋಣೆ ಮಾಡಿ ಅಡುಗೆ: ಸಾಮಾನ್ಯವಾಗಿ ಮೊದಲ ವರ್ಷ ಹಾಸ್ಟೆಲ್ ಕಡ್ಡಾಯ ಇರುವಲ್ಲಿ ಇದು ಆಗುವುದಿಲ್ಲ. ಎರಡನೆಯ ವರ್ಷದಿಂದ ನೋಡಬಹುದು. ಒಬ್ಬನಿಗೆ ಹೊರೆ, ಮೂವರಿದ್ದರೆ ಸುಲಭ. ಹಾಸ್ಟೆಲ್ ಕೋಣೆಯಲ್ಲಿ ಮಾತ್ರ ಕದ್ದು ಇಂಡಕ್ಷನ್ ಒಲೆ ಇಡಿಸಬೇಡಿ, ದಂಡದ ಜೊತೆ ಬೆಂಕಿಯ ಭಯವೂ ಉಂಟು.

ಸಮಾಜದ ವಿದ್ಯಾರ್ಥಿ ನಿಲಯ: ಇದು ನಮಗೆ ಹೊಸದಲ್ಲ. 1899ರಲ್ಲಿ ಹುಟ್ಟಿದ ದಕ್ಷಿಣ ಭಾರತ ಜೈನ ಸಭೆಯ ಆಶ್ರಯದಲ್ಲಿ ಕೊಲ್ಹಾಪುರ, ಸಾಂಗಲಿ, ಬೆಳಗಾವಿ, ಹುಬ್ಬಳ್ಳಿಯಲ್ಲಿ ಜೈನ ಬೋರ್ಡಿಂಗುಗಳು ನಡೆದವು. ಹಳ್ಳಿಯ ಹುಡುಗ ಊಟದ ಕಾರಣಕ್ಕೆ ಶಾಲೆ ಬಿಡಬಾರದೆಂಬುದು ಅವುಗಳ ಹಿಂದಿನ ಯೋಚನೆ. ನಮ್ಮ ಕಡೆ ಉಜಿರೆಯಲ್ಲಿ 1940ರಿಂದ ಸಿದ್ಧವನ ಗುರುಕುಲ ಇದೆ. ನಿಮ್ಮ ಮಗು ಓದುವ ಊರಿನಲ್ಲಿ ಇಂಥ ನಿಲಯ ಇದ್ದರೆ ಮೊದಲು ಅಲ್ಲಿ ವಿಚಾರಿಸಿ. ಇಲ್ಲದಿದ್ದರೆ ಮೇಲಿನ ಐದರಲ್ಲಿ ಒಂದನ್ನೋ, ಎರಡನ್ನು ಸೇರಿಸಿಯೋ ಮಾಡಿಕೊಳ್ಳಬೇಕು.

ಕಾರ್ಕಳ ಸುತ್ತಿನವರಿಗೆ ಒಂದು ಮಾತು. ನಿಟ್ಟೆ ಕಾಲೇಜಿಗಾದರೆ ಮನೆಯಿಂದಲೇ ಓಡಾಡಬಹುದು. ಬೆಳಿಗ್ಗೆ ತಿಂಡಿ ತಿಂದು, ಮಧ್ಯಾಹ್ನಕ್ಕೆ ಬುತ್ತಿ ಹಿಡಿದು, ಸಂಜೆ ಬಸ್ಸು ಇಳಿದು ಮನೆಯಲ್ಲೇ ಉಣ್ಣುವುದಕ್ಕಿಂತ ಒಳ್ಳೆಯ ಯೋಜನೆ ಇಲ್ಲ. ಮಣಿಪಾಲಕ್ಕೂ ದಿನ ಓಡಾಡುವವರಿದ್ದಾರೆ. ಆದರೆ ಸಂಜೆಯ ಬಸ್ಸು ಮನೆ ಮುಟ್ಟುವಾಗ ನವೆಂಬರಿನಲ್ಲಿ ಕತ್ತಲೆ ಆಗಿರುತ್ತದೆ. ಅವರು ಬುತ್ತಿಯನ್ನು ಎರಡು ಪಾಲು ಮಾಡಿ, ಎರಡನೆಯದನ್ನು ಬಸ್ಸು ಹತ್ತುವ ಮೊದಲೇ ಉಣ್ಣಬೇಕು.

4. ಹಣದ ಲೆಕ್ಕ

ವ್ಯಾಪಾರಿಯಾದ್ದರಿಂದ ಇದನ್ನು ಬಿಡಿಸಿ ಹೇಳುತ್ತೇನೆ. ಕೆಳಗಿನ ದರ ಯಾವ ಕಾಲೇಜಿನದ್ದೂ ಅಲ್ಲ, ಲೆಕ್ಕ ತಿಳಿಯಲು ಹಿಡಿದದ್ದು. ನಿಮ್ಮ ಕಾಲೇಜಿನ ದರ ಹಾಕಿ ಇದೇ ರೀತಿ ಮಾಡಿ.

ಒಂದು ಸೆಮಿಸ್ಟರಿಗೆ 120 ದಿನ. ದಿನಕ್ಕೆ ತಿಂಡಿ, ಮಧ್ಯಾಹ್ನದ ಊಟ, ರಾತ್ರಿ ಊಟ ಸೇರಿ 3 ಹೊತ್ತು, ಒಟ್ಟು 360 ಹೊತ್ತು. ಮೆಸ್ ಹಣ 36,000 ರೂಪಾಯಿ ಎಂದಿಟ್ಟುಕೊಳ್ಳಿ. ಹೊತ್ತಿಗೆ 100 ರೂಪಾಯಿ ಬಿತ್ತು.

ರಾತ್ರಿ ಉಣ್ಣದ ಮಗು 120 ಹೊತ್ತು ಬಿಡುತ್ತದೆ. ಉಳಿದದ್ದು 240. ಆ ಕೂಡಲೇ ಹೊತ್ತಿನ ದರ 150 ರೂಪಾಯಿ ಆಯಿತು. ಎರಡು ವಾರಕ್ಕೊಮ್ಮೆ ಭಾನುವಾರ ಊರಿಗೆ ಹೋದರೆ 8 ಭಾನುವಾರ, ಎರಡು ಹೊತ್ತಿನಂತೆ 16 ಹೋಯಿತು. ಅಷ್ಟಮಿ, ಚತುರ್ದಶಿ ತಿಂಗಳಿಗೆ ನಾಲ್ಕು. ಆ ದಿನ ಒಂದೇ ಹೊತ್ತು ಉಣ್ಣುವವರಿಗೆ ಇನ್ನೊಂದು 16 ಹೋಯಿತು. ಉಳಿದದ್ದು 208. ಈಗ ಹೊತ್ತಿಗೆ ಸುಮಾರು 173 ರೂಪಾಯಿ. ಇಷ್ಟಾದ ಮೇಲೂ ಸಂಜೆಯ ಹೊಟ್ಟೆಗೆ ಹೊರಗೆ ಬೇರೆ ಖರ್ಚು.

ಸಂಜೆ ಡಬ್ಬಿಗೆ 60 ರೂಪಾಯಿ, ನೂರು ದಿನಕ್ಕೆ 6,000. ಪೂರ್ತಿ ಮೆಸ್ ಇಟ್ಟುಕೊಂಡು ಡಬ್ಬಿಯನ್ನೂ ತರಿಸಿದರೆ 42,000. ಅದೇ ತಿಂಡಿ ಮತ್ತು ಮಧ್ಯಾಹ್ನದ ಊಟಕ್ಕೆ ಮಾತ್ರ 26,000ಕ್ಕೆ ಯೋಜನೆ ಸಿಕ್ಕಿದರೆ ಡಬ್ಬಿ ಸೇರಿ 32,000. ಸೆಮಿಸ್ಟರಿಗೆ 10,000 ವ್ಯತ್ಯಾಸ, ಎಂಟು ಸೆಮಿಸ್ಟರಿಗೆ 80,000.

ಹೀಗಾಗಿ ಹಣ ಕಟ್ಟುವ ಮೊದಲು ಈ ಐದನ್ನು ಕೇಳಿ ಬರೆದುಕೊಳ್ಳಿ:

- ಎರಡು ಹೊತ್ತಿನ ಯೋಜನೆ ಇದೆಯೇ? ಇಲ್ಲದಿದ್ದರೆ ರಾತ್ರಿ ಊಟದ ಬದಲು ಬೇಗ ಊಟ ಕೊಡುತ್ತಾರೆಯೇ?
- ವರ್ಷದ ಹಣ ಒಟ್ಟಿಗೆ ಕಟ್ಟಬೇಕೇ, ಸೆಮಿಸ್ಟರಿಗೆ ಕಟ್ಟಬಹುದೇ? ಸೆಮಿಸ್ಟರಿಗೆ ಅವಕಾಶ ಇದ್ದರೆ ಅದನ್ನೇ ಆರಿಸಿ.
- ನಡುವೆ ಮೆಸ್ ಬದಲಾಯಿಸಬಹುದೇ? ಎಷ್ಟು ದಿನದೊಳಗೆ ಅರ್ಜಿ ಕೊಡಬೇಕು?
- ಊರಿಗೆ ಹೋದ ದಿನಗಳಿಗೆ, ಉಪವಾಸದ ದಿನಗಳಿಗೆ ಹಣ ಕಡಿತ ಉಂಟೇ? ಕೆಲವು ಕಡೆ ಮೊದಲೇ ತಿಳಿಸಿದರೆ, ಇಂತಿಷ್ಟು ದಿನ ಸತತ ಗೈರಾದರೆ ಮಾತ್ರ ಕಡಿತ ಕೊಡುತ್ತಾರೆ.
- ಹೇಳಿದ ಮೊತ್ತದಲ್ಲಿ ಜಿಎಸ್‌ಟಿ ಸೇರಿದೆಯೇ, ಮೇಲಿಂದ ಬರುತ್ತದೆಯೇ?

ಉತ್ತರ ಬಾಯಿಮಾತಿನಲ್ಲಿ ಬಂದರೆ ಸಾಲದು, ಇಮೇಲಿನಲ್ಲಿ ಬರಬೇಕು. ಪ್ರವೇಶದ ದಿನ ಕೌಂಟರಿನಲ್ಲಿ ಇದ್ದವರು ಅಕ್ಟೋಬರಿನಲ್ಲಿ ಅಲ್ಲಿ ಇರುವುದಿಲ್ಲ.

5. ಅಡುಗೆಯವರಿಗೆ ಅರ್ಥವಾಗುವಂತೆ ಹೇಳುವುದು

ಹಸಿರು ಚುಕ್ಕೆ ಇದ್ದರೆ ನಮಗೆ ಆಗುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಸರಕಾರದ ನಿಯಮದಲ್ಲಿ ಮೊಟ್ಟೆ ಮಾಂಸಾಹಾರದ ಪಟ್ಟಿಯಲ್ಲಿದೆ, ಆ ಮಟ್ಟಿಗೆ ಹಸಿರು ಚುಕ್ಕೆ ನಂಬಬಹುದು. ಜೇನುತುಪ್ಪ ಮತ್ತು ಜೇನುಮೇಣ ಮಾಂಸಾಹಾರದ ವ್ಯಾಖ್ಯೆಯಿಂದ ಹೊರಗಿವೆ. ಜೇನು ಹಾಕಿದ ಬಿಸ್ಕತ್ತಿಗೂ ಹಸಿರು ಚುಕ್ಕೆ ಬರುತ್ತದೆ. ಆಲೂಗಡ್ಡೆ, ಈರುಳ್ಳಿಯದ್ದಂತೂ ಕೇಳುವುದೇ ಬೇಡ. ಆದ್ದರಿಂದ ಪೊಟ್ಟಣದ ಹಿಂದಿನ ಪಟ್ಟಿ ಓದಲು ಮಕ್ಕಳಿಗೆ ಕಲಿಸಿ.

ಉಡುಪಿ ಕಡೆಯ ಅಡುಗೆಯವರಿಗೆ ವ್ರತದ ಅಡುಗೆ ಗೊತ್ತು. ಈರುಳ್ಳಿ ಬೆಳ್ಳುಳ್ಳಿ ಇಲ್ಲದೆ ಸಾವಿರ ಮಂದಿಗೆ ಬಡಿಸಿದ ಕೈ ಅವರದು. ಅದು ನಮಗೆ ಅನುಕೂಲ. ಆದರೆ ಎರಡು ಕಡೆ ಮಾತು ತಪ್ಪಿ ಹೋಗುತ್ತದೆ.

ಒಂದು, 'ಈರುಳ್ಳಿ ಬೆಳ್ಳುಳ್ಳಿ ಬೇಡ' ಎಂದಷ್ಟೇ ಹೇಳಿದರೆ ಆಲೂಗಡ್ಡೆ, ಕ್ಯಾರೆಟ್, ಬೀಟ್‌ರೂಟ್, ಮೂಲಂಗಿ, ಸುವರ್ಣಗಡ್ಡೆ, ಗೆಣಸು ಬಂದೇ ಬರುತ್ತವೆ. 'ಮಣ್ಣಿನ ಅಡಿಯಲ್ಲಿ ಬೆಳೆಯುವ ಗಡ್ಡೆ ಯಾವುದೂ ಬೇಡ' ಎಂದು ಹೇಳಿ, ಹೆಸರುಗಳನ್ನೂ ಬರೆದುಕೊಡಿ. ಶೇಂಗಾ ಕೂಡ ಮಣ್ಣಿನಡಿಯದ್ದಲ್ಲವೇ ಎಂದು ಅವರು ಕೇಳುತ್ತಾರೆ. ಅದು ಗಡ್ಡೆಯಲ್ಲ, ಕಾಳು ಎಂದು ತಿಳಿಸಿ.

ಎರಡು, 'ದ್ವಿದಳ' ಎಂಬ ಮಾತು. ನಮ್ಮಲ್ಲಿ ಬೇಳೆಕಾಳಿಗೆ ಹಸಿ ಹಾಲು, ಮೊಸರು, ಮಜ್ಜಿಗೆ ಬೆರೆಸಿದ ಪದಾರ್ಥವನ್ನು ಬಿಡುವುದಕ್ಕೆ ಆ ಹೆಸರು. ಉಡುಪಿಯ ಮಾಧ್ವರ ಚಾತುರ್ಮಾಸ್ಯದಲ್ಲಿ ನಾಲ್ಕನೆಯ ತಿಂಗಳ ದ್ವಿದಳ ವ್ರತವೆಂದರೆ ಬೇಳೆಕಾಳನ್ನೇ ಬಿಡುವುದು. ನೀವು ಆ ಶಬ್ದ ಹೇಳಿದರೆ ಅಡುಗೆಯವರು ನಿಮಗೆ ಬೇಳೆಯನ್ನೇ ಹಾಕದೆ ಇರಬಹುದು. 'ಮೊಸರುವಡೆಯಂಥದ್ದು ಬೇಡ, ಬೇಳೆ ಬೇರೆ ಮೊಸರು ಬೇರೆ ಕೊಡಿ' ಎಂದರೆ ಸಾಕು. ಅಡುಗೆಯವರು ಉತ್ತರ ಭಾರತದ ಕಡೆಯವರಾದರೆ 'ಜೈನ್ ಖಾನಾ' ಎಂಬ ಮಾತು ಅವರಿಗೆ ತಿಳಿಯುತ್ತದೆ.

ಮೆಸ್‌ನವರಿಗೆ ಹೆಚ್ಚು ಕೆಲಸವಿಲ್ಲದ ಉಪಾಯ ಒಂದುಂಟು. ಬೇಳೆ ಬೇಯಿಸಿದ ಮೇಲೆ, ತರಕಾರಿ ಮತ್ತು ಒಗ್ಗರಣೆ ಬೀಳುವ ಮೊದಲು ಒಂದು ಪಾತ್ರೆ ತೊವ್ವೆ ತೆಗೆದಿಡಿ ಎಂದು ಕೇಳುವುದು. ಅದಕ್ಕೆ ಉಪ್ಪು, ಜೀರಿಗೆ, ತುಪ್ಪದ ಒಗ್ಗರಣೆ ಹಾಕಿದರೆ ಅನ್ನಕ್ಕೂ ಚಪಾತಿಗೂ ಆಯಿತು. ಪಲ್ಯಕ್ಕೆ ನಮ್ಮ ಕರಾವಳಿಯಲ್ಲಿ ತೊಂಡೆ, ಅಲಸಂಡೆ, ಹೀರೆ, ಪಡುವಲ, ಬೂದುಗುಂಬಳ, ಬಾಳೆಕಾಯಿ, ಮಂಗಳೂರು ಸೌತೆ, ಗುಜ್ಜೆ, ಎಲ್ಲ ಸಿಗುತ್ತವೆ. ಗಡ್ಡೆ ಬಿಟ್ಟರೆ ತಿನ್ನಲು ಏನೂ ಇಲ್ಲ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಬೆಳಗಿನ ತಿಂಡಿಯಲ್ಲಿ ಹಿಂದಿನ ದಿನ ಹುಳಿಬರಿಸಿದ ಹಿಟ್ಟು ಬೇಡ ಎನ್ನುವವರಿಗೆ ನೀರುದೋಸೆ, ಸೇಮಿಗೆ, ಸಜ್ಜಿಗೆ, ಅವಲಕ್ಕಿ ಇವೆ. ನೀರುದೋಸೆಗೆ ಮಾತ್ರ ಬೇರೆ ಕಾವಲಿ ಇದೆಯೇ ಕೇಳಿ. ಒಂದೇ ಕಾವಲಿಯಲ್ಲಿ ಆಮ್ಲೆಟ್ ಹಾಕುವ ಕ್ಯಾಂಟೀನುಗಳುಂಟು.

ಮೆಸ್ ನೋಡಲು ಹೋದಾಗ ಊಟದ ಪಟ್ಟಿ ಮಾತ್ರ ನೋಡಿ ಬರಬೇಡಿ. ಸಸ್ಯಾಹಾರದ ಅಡುಗೆಮನೆ ಬೇರೆಯೋ, ಬಡಿಸುವ ಸೌಟು ಬೇರೆಯೋ, ಕರಿದ ಎಣ್ಣೆ ಬೇರೆಯೋ, ಗೋಡೆಯಲ್ಲಿ 14 ಅಂಕಿಯ ಆಹಾರ ಪರವಾನಗಿ ಸಂಖ್ಯೆ ಇದೆಯೋ ಕಣ್ಣಾರೆ ನೋಡಿ. ಕುಡಿಯುವ ನೀರಿನ ಫಿಲ್ಟರ್ ಶುಚಿ ಮಾಡಿದ ದಿನಾಂಕ ಕೇಳಿ. ನೀರು ಗಾಳಿಸುವ ಬಟ್ಟೆಯನ್ನು ಮಗುವಿನ ಪೆಟ್ಟಿಗೆಯಲ್ಲಿ ಇಡಿ.

6. ಕೇಳುವ ರೀತಿ

ಒಬ್ಬ ಹುಡುಗ ಹೋಗಿ ಕೇಳಿದರೆ 'ಒಬ್ಬನಿಗೆ ಆಗುವುದಿಲ್ಲ' ಎಂಬ ಉತ್ತರ ಬರುತ್ತದೆ. ಎಂಟು ಹತ್ತು ಮಂದಿ ಸಹಿ ಹಾಕಿದರೆ ಅದು ಬೇಡಿಕೆ. ದಿಗಂಬರ, ಶ್ವೇತಾಂಬರ, ಕನ್ನಡದವರು, ಮಾರ್ವಾಡಿ, ಗುಜರಾತಿ ಎಲ್ಲ ಸೇರಿ ಒಂದೇ ಅರ್ಜಿ ಕೊಡಲಿ. ಗಡ್ಡೆ ತಿನ್ನದ, ಈರುಳ್ಳಿ ತಿನ್ನದ ಇತರ ಸಮಾಜದ ಮಕ್ಕಳೂ ಜೊತೆಗೆ ಬರುತ್ತಾರೆ. ಅರ್ಜಿ ವಾರ್ಡನ್ನರಿಗೆ, ಪ್ರತಿ ಮೆಸ್ ಸಮಿತಿಗೆ. ಇಂಗ್ಲಿಷಿನಲ್ಲಿ ಬರೆಸಿದರೆ ಒಳ್ಳೆಯದು. ವಿಷಯ ಇಷ್ಟಿರಲಿ:

"ನಾವು ಈ ಕೆಳಗೆ ಸಹಿ ಮಾಡಿದ ವಿದ್ಯಾರ್ಥಿಗಳು ಸೂರ್ಯಾಸ್ತದ ನಂತರ ಊಟ ಮಾಡುವುದಿಲ್ಲ, ನೆಲದಡಿಯ ಗಡ್ಡೆಗಳನ್ನು ತಿನ್ನುವುದಿಲ್ಲ. ಮೆಸ್ ಶುಲ್ಕ ಪೂರ್ತಿ ಕಟ್ಟಿದ್ದೇವೆ. ಸಂಜೆ 5.30ರಿಂದ 6ರ ತನಕ ಅನ್ನ, ಚಪಾತಿ, ಒಗ್ಗರಣೆಗೆ ಮೊದಲು ತೆಗೆದಿಟ್ಟ ಬೇಳೆ ಮತ್ತು ಒಂದು ಪಲ್ಯ ಸಿಗುವಂತೆ ಮಾಡಬೇಕಾಗಿ ವಿನಂತಿ. ಪ್ರತಿದಿನ ಮಧ್ಯಾಹ್ನದೊಳಗೆ ನಮ್ಮ ಸಂಖ್ಯೆಯನ್ನು ತಿಳಿಸುತ್ತೇವೆ. ಒಂದು ತಿಂಗಳು ನೋಡಿ, ನಂತರ ತೀರ್ಮಾನಿಸಬಹುದು."

ಕೊನೆಯ ಎರಡು ವಾಕ್ಯಗಳು ಮುಖ್ಯ. ಗುತ್ತಿಗೆದಾರನಿಗೆ ಭಯ ಇರುವುದು ಮಾಡಿದ ಅಡುಗೆ ಉಳಿದು ಹಾಳಾಗುವುದರದ್ದು. ಸಂಖ್ಯೆ ಮೊದಲೇ ಹೇಳಿದರೆ ಆ ಭಯ ಹೋಗುತ್ತದೆ. 7.30ರ ಊಟಕ್ಕೆ ಒಲೆ ಸಂಜೆಯ ಮೊದಲೇ ಹತ್ತಿರುತ್ತದೆ. ಹತ್ತು ತಟ್ಟೆಯನ್ನು ಬೇಗ ಬಡಿಸುವುದು ಆಗದ ಕೆಲಸವಲ್ಲ. ಹೇಳಿದ ಮೇಲೆ ಮಕ್ಕಳೂ ತಪ್ಪದೆ ಹೋಗಿ ಉಣ್ಣಬೇಕು. ಹತ್ತು ತಟ್ಟೆ ಹೇಳಿ ನಾಲ್ವರು ಹೋದರೆ ಎರಡನೆಯ ವಾರಕ್ಕೆ ಅದು ನಿಲ್ಲುತ್ತದೆ, ಮುಂದಿನ ವರ್ಷದ ಮಕ್ಕಳಿಗೂ ಬಾಗಿಲು ಮುಚ್ಚುತ್ತದೆ.

ಊಟ ಕೇಳಿ, ಬೇರೆ ಕುಳಿತುಕೊಳ್ಳುವ ಜಾಗ ಕೇಳಬೇಡಿ. 2023ರಲ್ಲಿ ಐಐಟಿ ಬಾಂಬೆಯಲ್ಲಿ ಇದೇ ವಿಷಯ ದೇಶದ ಸುದ್ದಿಯಾಯಿತು. ಅಲ್ಲಿ ಜೈನ ಊಟದ ಕೌಂಟರ್ ಇತ್ತು, ಅದಕ್ಕೆ ಯಾರ ತಕರಾರೂ ಇರಲಿಲ್ಲ. ಜುಲೈಯಲ್ಲಿ 'ಸಸ್ಯಾಹಾರಿಗಳು ಮಾತ್ರ ಇಲ್ಲಿ ಕುಳಿತುಕೊಳ್ಳಬೇಕು' ಎಂಬ ಚೀಟಿ ಹಚ್ಚಿದ ಮೇಲೆ ಗಲಾಟೆ ಆಯಿತು. ಆಮೇಲೆ ಮೆಸ್‌ನವರು ಆರು ಮೇಜು ಬೇರೆ ಇಟ್ಟದ್ದೂ, ಅದನ್ನು ಪ್ರತಿಭಟಿಸಿದ ವಿದ್ಯಾರ್ಥಿಗೆ 10,000 ರೂಪಾಯಿ ದಂಡ ಹಾಕಿದ್ದೂ ಆಗಿ ಮಾತು ಬೆಳೆಯಿತು. ನಮ್ಮ ನಿಯಮ ನಮ್ಮ ತಟ್ಟೆಗೆ. ಪಕ್ಕದವನ ತಟ್ಟೆಯ ಮೇಲೆ ನಮಗೆ ಹಕ್ಕಿಲ್ಲ. ಗೆಳೆಯರ ಜೊತೆ ಕುಳಿತು ನಮ್ಮದನ್ನು ಉಣ್ಣುವ ಮಗುವಿಗೆ ಗೆಳೆಯರೇ ನೆರವಾಗುತ್ತಾರೆ. ತಡವಾದ ದಿನ ತಟ್ಟೆ ತೆಗೆದಿಡುವವರು ಅವರೇ.

ಹಾಗೆಂದು ಯಾರಾದರೂ ಬಲವಂತವಾಗಿ ಮೊಟ್ಟೆ, ಮಾಂಸ ತಿನ್ನಿಸಲು ಬಂದರೆ ಅದು ತಮಾಷೆಯಲ್ಲ, ರ‍್ಯಾಗಿಂಗ್. ವಾರ್ಡನ್ನರಿಗೆ ಕೂಡಲೇ ತಿಳಿಸಬೇಕು. ಯುಜಿಸಿಯ ಉಚಿತ ಸಹಾಯವಾಣಿ 1800-180-5522.

7. ಪರ್ವದ ದಿನಗಳು

ಹೊಸ ವಿದ್ಯಾರ್ಥಿಗೆ ಮೊದಲ ಪರೀಕ್ಷೆ ಬರುವುದು ದಶಲಕ್ಷಣ ಪರ್ವದಲ್ಲಿ. ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯ ತನಕದ ಹತ್ತು ದಿನ ಆಗಸ್ಟ್, ಸೆಪ್ಟೆಂಬರಿನಲ್ಲಿ ಬರುತ್ತದೆ. ಕಾಲೇಜು ಸೇರಿ ಒಂದೆರಡು ತಿಂಗಳೂ ಆಗಿರುವುದಿಲ್ಲ, ಗೆಳೆಯರೂ ಹೊಸಬರು. ಶ್ವೇತಾಂಬರರ ಎಂಟು ದಿನದ ಪರ್ಯುಷಣ ಅದಕ್ಕೆ ಸ್ವಲ್ಪ ಮೊದಲು. ಕಾರ್ತಿಕ, ಫಾಲ್ಗುಣ, ಆಷಾಢದ ಅಷ್ಟಾಹ್ನಿಕಗಳು ಎಂಟೆಂಟು ದಿನ. ಈ ದಿನಾಂಕಗಳನ್ನು ಪಂಚಾಂಗ ನೋಡಿ ಬರೆದು ಜುಲೈಯಲ್ಲೇ ಮೆಸ್‌ಗೆ ಕೊಡಿ, ಮಗುವಿನ ಫೋನಿನಲ್ಲೂ ಹಾಕಿಸಿ.

ಕಟ್ಟುನಿಟ್ಟಿನ ಉಪವಾಸವನ್ನು ಮೊದಲ ವರ್ಷ ಪ್ರಾಯೋಗಿಕ ಪರೀಕ್ಷೆಯ ದಿನಗಳಲ್ಲಿ ಹಿಡಿಯುವ ಬದಲು ಏಕಾಶನ ಸಾಕೇ ಎಂದು ಮನೆಯ ಹಿರಿಯರೇ ಮಗುವಿಗೆ ಹೇಳಲಿ. ಹಿರಿಯರು ಹೇಳಿದರೆ ಮಗುವಿನ ಮನಸ್ಸು ಹಗುರವಾಗುತ್ತದೆ. ಮಣಿಪಾಲದ ಮಕ್ಕಳು ಭಾನುವಾರ ಬಸ್ಸು ಹತ್ತಿದರೆ ಕಾರ್ಕಳ, ಮೂಡುಬಿದಿರೆ, ವರಂಗದ ಬಸದಿಗಳಿಗೆ ಹೋಗಿ ಬರಬಹುದು. ದರ್ಶನವೂ ಆಯಿತು, ನಮ್ಮವರ ಪರಿಚಯವೂ ಆಯಿತು.

8. ಆರೋಗ್ಯದ ಮಾತು

ಸಂಜೆ 5.45ಕ್ಕೆ ಉಂಡು ಬೆಳಿಗ್ಗೆ 7.45ಕ್ಕೆ ತಿಂಡಿ ತಿಂದರೆ ನಡುವೆ 14 ಗಂಟೆ. ಮನೆಯಲ್ಲಿ ಇದು ಕಷ್ಟವಲ್ಲ, ಏಕೆಂದರೆ ಮನೆಯಲ್ಲಿ 10ಕ್ಕೆ ಮಲಗುತ್ತೇವೆ. ಹಾಸ್ಟೆಲಿನಲ್ಲಿ ರಾತ್ರಿ ಒಂದರ ತನಕ ಓದುವ ಮಗುವಿಗೆ ಹಸಿವು ಬಂದೇ ಬರುತ್ತದೆ. ರಾತ್ರಿ ಉಣ್ಣದವರು ರಾತ್ರಿ ಓದುವುದನ್ನು ಬೆಳಗಿನ ಜಾವಕ್ಕೆ ಬದಲಿಸಿಕೊಳ್ಳುವುದೇ ದೊಡ್ಡ ಪರಿಹಾರ. ಮೊದಲ ತಿಂಗಳಿನಲ್ಲೇ ಆ ಅಭ್ಯಾಸ ಆಗಬೇಕು.

ಸಂಜೆಯ ಊಟ ಚಹಾ ಬಿಸ್ಕತ್ತು ಆಗಬಾರದು. ಬೇಳೆ, ಹೆಸರುಕಾಳು, ಕಡಲೆ, ಪನೀರ್, ಮೊಸರು, ಇವುಗಳಲ್ಲಿ ಎರಡಾದರೂ ಇರಲಿ. ಬಿ12 ನಮಗೆ ಸಿಗುವುದು ಮುಖ್ಯವಾಗಿ ಹಾಲು ಮೊಸರಿನಿಂದ, ಅದನ್ನು ಬಿಡಬಾರದು. ಕೋಣೆಯಲ್ಲಿ ಹುರಿಗಡಲೆ, ಒಣಹಣ್ಣು, ಬಾದಾಮಿ, ಮನೆಯ ಚಿಕ್ಕಿ ಡಬ್ಬಿಯಲ್ಲಿ ಇರಲಿ, ಲ್ಯಾಬಿನಿಂದ ಓಡಿ ಬಂದ ದಿನ ಸೂರ್ಯ ಮುಳುಗುವ ಮೊದಲು ಕೈಗೆ ಸಿಗುವಂತೆ. ತಲೆಸುತ್ತು, ತೂಕ ಇಳಿಯುವುದು, ಹೆಣ್ಣುಮಕ್ಕಳಲ್ಲಿ ಸುಸ್ತು ಕಂಡರೆ ವೈದ್ಯರಿಗೆ ತೋರಿಸಿ ರಕ್ತಪರೀಕ್ಷೆ ಮಾಡಿಸಿ. ಕಾಯಿಲೆಯಲ್ಲಿ ಔಷಧದ ಹೊತ್ತನ್ನು ವೈದ್ಯರು ಹೇಳಿದಂತೆ ಪಾಲಿಸಲಿ.

9. ಹೊರ ರಾಜ್ಯ, ಹೊರ ದೇಶಕ್ಕೆ ಹೋಗುವವರಿಗೆ

ಅದೇ ಗಂಟೆಯ ಲೆಕ್ಕ ಇಲ್ಲಿ ಇನ್ನೂ ಬಿಗಿ. ಡಿಸೆಂಬರಿನಲ್ಲಿ ದೆಹಲಿಯಲ್ಲಿ ಸುಮಾರು 5.25ಕ್ಕೆ, ಗುವಾಹಟಿಯಲ್ಲಿ ಸುಮಾರು 4.30ಕ್ಕೆ, ಲಂಡನ್ನಿನಲ್ಲಿ 4 ಗಂಟೆಗೂ ಮೊದಲೇ ಸೂರ್ಯ ಮುಳುಗುತ್ತದೆ. ಜೂನಿನಲ್ಲಿ ಲಂಡನ್ನಿನಲ್ಲಿ ರಾತ್ರಿ 9 ದಾಟಿದರೂ ಬೆಳಕು. ಅಲ್ಲಿಗೆ ಹೋಗುವ ಮಕ್ಕಳು ರಾತ್ರಿ ಭೋಜನದ ನಿಯಮವನ್ನು ಹೇಗೆ ಪಾಲಿಸುವುದೆಂದು ಗುರುಗಳನ್ನು, ಹಿರಿಯರನ್ನು ಕೇಳಿಯೇ ಹೊರಡಲಿ.

ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳಲ್ಲಿ ಹಾಸ್ಟೆಲಿನಲ್ಲಿರುವ ಮೊದಲ ವರ್ಷದ ಪದವಿ ವಿದ್ಯಾರ್ಥಿಗೆ ಊಟದ ಯೋಜನೆ ಕಡ್ಡಾಯ. ವಾರಕ್ಕೆ ಇಂತಿಷ್ಟು ಊಟ, ಸೆಮಿಸ್ಟರಿಗೆ ಇಂತಿಷ್ಟು ಊಟ, ಎಷ್ಟು ಬೇಕಾದರೂ ಊಟ, ಇಲ್ಲವೇ ಕಾರ್ಡಿನಲ್ಲಿ ಹಣ ಎಂದು ಬಗೆಗಳಿರುತ್ತವೆ. ಕಡ್ಡಾಯ ಇರುವಲ್ಲಿ ಅತಿ ಚಿಕ್ಕ ಯೋಜನೆ ಆರಿಸಿ. ಧಾರ್ಮಿಕ ಆಹಾರ ನಿಯಮ ಇದೆಯೆಂದು ಭೋಜನ ವಿಭಾಗಕ್ಕೆ ಬರೆದರೆ ಅಡುಗೆಯವರ ಜೊತೆ ಮಾತಾಡಿಸುತ್ತಾರೆ, ಕೆಲವೊಮ್ಮೆ ವಿನಾಯಿತಿಯೂ ಸಿಗುತ್ತದೆ. ಎಂಎಸ್‌ಗೆ ಹೋಗುವವರಿಗೆ ಸಾಮಾನ್ಯವಾಗಿ ಕಡ್ಡಾಯವಿಲ್ಲ. ಅವರು ಕೋಣೆ ಹಂಚಿಕೊಂಡು ಅಡುಗೆ ಮಾಡುವುದೇ ರೂಢಿ. ಹೊರಡುವ ಮೊದಲ ಎರಡು ತಿಂಗಳು ಅಡುಗೆ ಕಲಿಸಿ, ಗಂಡುಮಕ್ಕಳಿಗೂ. ಅಲ್ಲಿ ಚೀಸ್, ಜೆಲ್ಲಿ, ಬ್ರೆಡ್ಡಿನ ಪಟ್ಟಿ ಓದಿಯೇ ತೆಗೆದುಕೊಳ್ಳಬೇಕು, ಪ್ರಾಣಿಜನ್ಯ ರೆನೆಟ್, ಜೆಲಾಟಿನ್ ಇರುವ ಸಂಭವ ಹೆಚ್ಚು. ಅಲ್ಲಿನ ಜೈನ ಸಂಘಗಳ ಒಕ್ಕೂಟ 'ಜೈನಾ', ಯುವಕರ 'ಯಂಗ್ ಜೈನ್ಸ್ ಆಫ್ ಅಮೆರಿಕ' ಮೂಲಕ ಆ ಊರಿನಲ್ಲಿ ನಮ್ಮವರು ಯಾರಿದ್ದಾರೆಂದು ತಿಳಿಯಬಹುದು. ವಿಮಾನದ ಟಿಕೆಟ್ ಮಾಡುವಾಗಲೇ 'ವಿಜೆಎಂಎಲ್' ಎಂಬ ಸಂಕೇತ ಹೇಳಿ ಜೈನ ಊಟ ಕೇಳಿ.

10. ಹೊರಡುವ ಮೊದಲು ಕೈಯಲ್ಲಿರಬೇಕಾದ ಪಟ್ಟಿ

- ಮಗು ತಾನೇ ಬರೆದ ಮೂರು ಸಾಲಿನ ನಿಯಮ.
- ತರಗತಿ ಬಿಡುವ ಗಂಟೆ, ಮೆಸ್ ತೆರೆಯುವ ಗಂಟೆ, ನವೆಂಬರಿನ ಸೂರ್ಯಾಸ್ತದ ಗಂಟೆ, ಮೂರೂ ಒಂದೇ ಹಾಳೆಯಲ್ಲಿ.
- ಯೋಜನೆ ಬದಲಿಸುವ ಕೊನೆಯ ದಿನಾಂಕ ಮತ್ತು ಹಣ ಕಡಿತದ ನಿಯಮ, ಇಮೇಲಿನಲ್ಲಿ.
- ಬೇಡದ ಗಡ್ಡೆಗಳ ಹೆಸರು, ಪರ್ವದ ದಿನಾಂಕಗಳು, ಎರಡು ಪ್ರತಿ.
- ಅದೇ ಕಾಲೇಜಿನಲ್ಲಿ ಓದುತ್ತಿರುವ ನಮ್ಮ ಸಮಾಜದ ಒಬ್ಬ ಹಿರಿಯ ವಿದ್ಯಾರ್ಥಿಯ ಪರಿಚಯ.

ಕೊನೆಯದು ಎಲ್ಲಕ್ಕಿಂತ ಬೆಲೆಯುಳ್ಳದ್ದು. ಯಾವ ಮೆಸ್‌ನಲ್ಲಿ ಬೇಗ ಕೊಡುತ್ತಾರೆ, ಯಾವ ಅಡುಗೆಯವರು ಮಾತು ಕೇಳುತ್ತಾರೆ, ಡಬ್ಬಿ ಯಾರದ್ದು ಒಳ್ಳೆಯದು ಎಂಬುದು ಓದುತ್ತಿರುವವರಿಗೆ ಗೊತ್ತು, ಕಚೇರಿಯವರಿಗೆ ಗೊತ್ತಿಲ್ಲ. ಈಗಾಗಲೇ ಓದುತ್ತಿರುವ ಮಕ್ಕಳ ತಂದೆತಾಯಿಗಳಲ್ಲಿ ಒಂದು ಕೋರಿಕೆ: ನಿಮ್ಮ ಮಗುವಿಗೆ ಸಂಜೆ ಆರರೊಳಗೆ ಊಟ ಸಿಗುವ ದಾರಿ ಸಿಕ್ಕಿದ್ದರೆ ಆ ದಾರಿಯನ್ನು ಮುಂದಿನ ವರ್ಷ ಬರುವ ಮಗುವಿಗೂ ತೋರಿಸಿ. ಹಿಂದೆ ಬೋರ್ಡಿಂಗು ಕಟ್ಟಿದವರು ಮಾಡಿದ್ದೂ ಇದನ್ನೇ.

ಜೈ ಜಿನೇಂದ್ರ.